ನೆತ್ತಿ ತಪ್ಪಿದ ಗುಡ್ಡ

ಅಲ್ಲ ಅಕ್ಕಾ, ಗುಡ್ಡದ ನೆತ್ತಿಗೆ ಎತ್ತಲಿಂದ ಹೋಗಬೇಕು ಅಂತ ಕೇಳಿದರೆ, ಟ್ರ್ಯಾಕ್ಟರ್ ಹತ್ತು ಅಂತ ಸನ್ನೆ ಮಾಡಿಬಿಟ್ಟಿರಲ್ಲ... ಇರಲಿ, ಇರಲಿ, ನಿಲ್ಲಿಸಬೇಡಿ. ಮಡ್‌ಗಾರ್ಡ್ ಮೇಲೆ ಕೂತು ಕುಲುಕಿಸಿಕೊಳ್ಳೋದೂ ಒಂದು ಮಜವೇ. ಬೆಳಗಿನಿಂದ ದಾರಿ ತಪ್ಪಿ ಸುತ್ತುತ್ತಾ ಇದ್ದೀನಿ. ನಗ್ತೀರಾ? ನಕ್ಷೆ ಬರೆಯೋದೇ ನನ್ನ ಕಸುಬು, ಏಳು ದೇಶದ ಗುಡ್ಡ ಹತ್ತಿಳಿದವಳು... ನಗಿ, ನಗಬೇಕಾದ್ದೇ.

ನೆತ್ತಿ ಯಾಕೆ ಬೇಕು ಅಂತೀರಾ? ನೋಡಿ, ನದಿ ಅಂದ್ರೆ ಕೆಳಗೆ ಹೊಳೀತಿರೋ ಆ ಗೆರೆಯಷ್ಟೇ ಅಲ್ಲ. ಈ ಗುಡ್ಡ, ಆ ಕಾಡು, ದನ ಮೇಯೋ ಇಳಿಜಾರು, ಮನೆಗಳ ಸೂರು, ಎಲ್ಲ ಸೇರಿ ಒಂದು ದೊಡ್ಡ ಬೋಗುಣಿ. ಒಳಗೆ ಬಿದ್ದ ಹನಿ ಹರಿದು ಹರಿದು ಜಲಾಶಯಕ್ಕೆ, ಅಲ್ಲಿಂದ ಪೇಟೆಯ ನಲ್ಲಿಗೆ. ನೆತ್ತಿಯೇ ಅದರ ಅಂಚು, ಆಚೆ ಬಿದ್ದದ್ದು ಬೇರೆ ನದಿಯ ಪಾಲು. ಇಳಿಜಾರು ಉತ್ತರೆ ಮಣ್ಣು ಕೊಚ್ಚಿಹೋಗಿ ಜಲಾಶಯ ಹೂಳು ತುಂಬುತ್ತೆ. ಅದಕ್ಕೇ ಬೋಗುಣಿಯ ಒಳಗೆ ಇನ್ನು ಉಳೋ ಹಾಗಿಲ್ಲ ಅಂತ ಜಲಾಶಯದ ಆಫೀಸಿನವರು ಕೆಂಪು ತಲೆಯ ಗೂಟ ಹೊಡೀತಾ ಇದಾರೆ. ನಿನ್ನೆ ಎದುರಿನ ಆ ಮರಗಳ ಸಾಲಿನ ಉದ್ದಕ್ಕೂ ಹೊಡೆದಿದ್ದರಂತೆ, ಇವತ್ತು ಒಂದೂ ಕಾಣ್ತಿಲ್ಲ. ಅಂಚು ಆ ಮರಗಳೇ ಅಂದ್ರೆ, ಈಚೆಗಿರೋ ಈ ಹೊಲವೂ ಒಳಗೇ ಬಂತು. ಯಾರದ್ದೋ, ಪಾಪ... ನಿಮ್ಮದೇ?

ಎಂಜಿನ್ ಯಾಕೆ ನಿಲ್ಲಿಸಿದಿರಿ?

ಆ ಬಾಟಲಿ ಕೊಡಿ ಇಲ್ಲಿ. ಕುಡಿಯೋಕಲ್ಲ. ಎಷ್ಟೇ ಯಂತ್ರ ಹೊತ್ತು ತಂದರೂ ನಮ್ಮ ಕಸುಬಿನಲ್ಲಿ ಕೊನೆಗೆ ಮಾಡೋದು ಇಷ್ಟೇ, ನೀರು ಸುರಿದು ನೋಡೋದು. ಇದೋ, ಸುರಿದೆ... ಅರೆ. ಅರೆರೆ, ಎತ್ತ ಹೊರಟಿತು ಇದು? ಮರಗಳ ಕಡೆಗೆ! ಜಲಾಶಯ ಇರೋದು ನಮ್ಮ ಬೆನ್ನಿಗೆ. ಅಂದ್ರೆ ನೆತ್ತಿ ಆ ಹಿಂದಿನ ಬದು, ನಾವಾಗಲೇ ದಾಟಿ ಬಂದಾಯ್ತು. ಗೊತ್ತಾಯ್ತು, ಗೊತ್ತಾಯ್ತು... ಆಕಾಶದಿಂದ ಅಳೆದ ನಕ್ಷೆ ಅಕ್ಕಾ, ಮರದ ತುದಿಯನ್ನೇ ನೆಲ ಅಂದುಕೊಂಡಿದೆ. ನಿಮ್ಮ ಮರಗಳನ್ನ ಗುಡ್ಡ ಮಾಡಿ ಕೂರಿಸಿದೆ! ಅಯ್ಯೋ, ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು. ನಿಮ್ಮ ಹೊಲ ಹೊರಗೆ. ಉಳೀತು, ಅಕ್ಕಾ, ಉಳೀತು.

ಖುಷಿ ಆಗಲಿಲ್ವಾ? ಆಫೀಸಿನವರು ಎಂಥ ದಡ್ಡರು ಅಂತ ಬಾಯಿ ತುಂಬ ಬೈಯಿರಿ, ನಾನೂ ದನಿಗೂಡಿಸ್ತೀನಿ. ಯಾಕೆ ನನ್ನನ್ನೇ ನೋಡ್ತೀರಿ? ಸೀಟಿನ ಕೆಳಗೆ ಏನು ಹುಡುಕ್ತೀರಿ...

ಓ. ಅಷ್ಟೂ ಗೂಟ ಇಲ್ಲೇ ಇವೆ.

ಹ್ಞೂಂ. ನಿನ್ನೆ ಮಂಜಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ ಅಂದುಕೊಂಡಿದ್ದೆ. ನನ್ನ ಈ ಹಳದಿ ಟೋಪಿ ನಿಮಗೆ ಕಂಡಿತ್ತು, ಅಲ್ವಾ? ಆಫೀಸಿನವರು ಅಂದ್ರೆ... ನಾನೊಬ್ಬಳೇ ಅಕ್ಕಾ.

ಇಷ್ಟು ಹೊತ್ತು ಗೊತ್ತಿದ್ದೂ ಕೂರಿಸಿಕೊಂಡು ಬಂದಿರಿ. ನಾನು ಹೊಡೆದದ್ದನ್ನ ನೀವು ಮೈಮುರಿದು ಕಿತ್ತಿದ್ದೀರಿ, ಆ ಋಣ ಬಾಯಿಮಾತಿಗೆ ತೀರೋದಲ್ಲ. ಗೂಟ ಕೊಡಿ ಇತ್ತ, ಆ ಸುತ್ತಿಗೇನೂ. ಗೆರೆ ಎಳೆದ ಕೈ ನನ್ನದೇ, ನಕ್ಷೆಯಲ್ಲೂ ಅದನ್ನ ಸರಿಸ್ತೀನಿ. ಈಗ ಬದುವಿನ ಉದ್ದಕ್ಕೂ ಒಂದೊಂದನ್ನೂ ನಾನೇ ಹೊಡೀತೀನಿ, ನೀವು ಇಳೀಬೇಡಿ.

ನೀವು ಹೊಲ ಉಳಿ.