ಮಲಗಿದರೆ ಹಗುರ

ಆಸ್ಪತ್ರೆಯಲ್ಲಿ ನನ್ನೆದುರಿನ ಬೆಂಚಿನ ತುಂಬ ಬಡಗಿಯೊಬ್ಬ ಕಾಲುಚಾಚಿ ಮಲಗಿದ್ದ. ಪಕ್ಕದಲ್ಲಿ ಅವನ ಅಕ್ಕ ನಿಂತಿದ್ದಳು.

“ಎದ್ದು ಕೂತ್ಕೊಳ್ಳೋ ಸೋಮಾರಿ. ಜನ ನಿಂತಿದಾರೆ.”

“ಕೂತ್ರೆ ಉಸಿರು ಕಟ್ಟತ್ತೆ ಅಕ್ಕ. ಮಲಗಿದ್ರೇ ಹಗುರ.”

“ದಮ್ಮಿನ ಕಾಯಿಲೆ ಇರೋರು ಎದ್ದು ಕೂರ್ತಾರೆ. ನಿಂದೇನೋ ಉಲ್ಟಾ?”

“ಆ ಉಲ್ಟಾದಿಂದ್ಲೇ ಡಾಕ್ಟ್ರಿಗೆ ಸುಳಿವು ಸಿಕ್ಕಿದ್ದು. ಮಲಗ್ಸಿ, ಕೂರ್ಸಿ, ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿದ್ರು. ಲಿವರ್ ಕೆಟ್ಟು, ಅದರ ತೊಂದ್ರೆ ಶ್ವಾಸಕೋಶಕ್ಕೂ ಬಂದಿದೆಯಂತೆ.”

“ಔಷಧಿ ಕೊಟ್ರಾ?”

“ಔಷಧಿಗೆ ಬಗ್ಗಲ್ಲವಂತೆ. ಲಿವರನ್ನೇ ಬದಲಾಯಿಸ್ಬೇಕು. ಮನೆಯವ್ರು ಯಾರಾದ್ರೂ ತಮ್ಮದರಲ್ಲಿ ಒಂದು ಭಾಗ ಕೊಟ್ರೆ...”

ಅಕ್ಕ ಕೈಚೀಲವನ್ನು ಎದೆಗವಚಿಕೊಂಡಳು.

“ಜೊತೆಗೆ ಬಾ ಅಂದದ್ದು ಇದಕ್ಕಾ?”

“ಕೇಳೋಕೆ ಬಾಯಿ ಬರ್ಲಿಲ್ಲ.”

ನರ್ಸ್ ಬಾಗಿಲಿಗೆ ಬಂದು, “ಲಿವರ್ ಕೊಡೋರ ರಕ್ತ ಪರೀಕ್ಷೆ ಆಗ್ಬೇಕು. ಯಾರಿದೀರಿ?” ಎಂದಳು.

ಬಡಗಿ ಏಳಲು ನೋಡಿದ. ಅಕ್ಕ ಕೈಚೀಲವನ್ನು ಅವನ ತಲೆಯಡಿಗೆ ತುರುಕಿದಳು.

“ಎದ್ದೆಯೋ, ನೋಡು ಮತ್ತೆ!” ಎಂದು ಗದರಿ, ನರ್ಸಿನ ಹಿಂದೆ ನಡೆದಳು.