ಮಧ್ಯಾಹ್ನಕ್ಕೇ ಸಾಯುವ ಫೋನು

ಮೊಬೈಲ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಪ್ಪ, ಮಗಳು ನಿಂತಿದ್ದರು. ಅಪ್ಪ ಬೇಕರಿಯವನು. ಮೊಣಕೈವರೆಗೂ ಹಿಟ್ಟು ಒಣಗಿತ್ತು.

"ಸುಮ್ನೆ ಹೊಸದು ತಗೋ ಅಪ್ಪ. ಇದು ಮಧ್ಯಾಹ್ನಕ್ಕೇ ಸಾಯುತ್ತೆ."

"ನಾಲ್ಕು ವರ್ಷದಿಂದ ನನ್ನ ಜೊತೆ ಏಗಿದೆ ಕಣೇ. ಹಿಟ್ಟಿನ ಕೈಲಿ ಮುಟ್ಟಿದ್ರೂ ಬೇಜಾರು ಮಾಡ್ಕೊಳ್ಳಲ್ಲ."

"ನಂಗೆ ಬೇಜಾರಾಗುತ್ತೆ. ಬಿಡುವು ಸಿಗೋದೇ ಊಟದ ಹೊತ್ತಲ್ಲಿ. ಆಗ ನಿಂದು ಸ್ವಿಚ್ ಆಫ್. ಕೆಲಸ ಕಾಯಂ ಆಯ್ತು ಅಂತ ಮೊದಲು ನಿಂಗೇ ಹೇಳೋಣ ಅಂತಿದ್ದೆ. ಕೊನೆಗೆ ಅತ್ತೆಗೆ ಹೇಳ್ಬೇಕಾಯ್ತು."

"ಹೂಂ, ನಂಗೆ ತಿಳಿದದ್ದು ಅವಳು ಬೀದಿಗೆಲ್ಲ ಡಂಗುರ ಹೊಡೆದ ಮೇಲೆ."

"ಬೆಳಗ್ಗೆ ಪೂರ್ತಿ ಚಾರ್ಜ್ ಇರುತ್ತಲ್ಲ, ಅಷ್ಟರಲ್ಲಿ ಏನ್ಮಾಡ್ತೀಯ? ಸಿನಿಮಾ ನೋಡ್ತೀಯಾ?"

"ಪುರುಸೊತ್ತೆಲ್ಲಿದೆ? ಟಾರ್ಚ್ ಹಾಕಿಟ್ಟಿರ್ತೀನಿ."

"ಹಗಲು ಹೊತ್ತಲ್ಲಿ ಟಾರ್ಚಾ?"

"ಓವನ್ ಗಾಜಿಗೆ ಹಿಡೀಬೇಕಲ್ಲ. ಬ್ರೆಡ್ಡಿಗೆ ಬಣ್ಣ ಬಂತೋ ಇಲ್ವೋ ಇನ್ಹೇಗೆ ಗೊತ್ತಾಗಬೇಕು?"

"ಒಳಗೆ ಬಲ್ಬ್ ಇದೆಯಲ್ಲ!"

"ಅದು ಸುಟ್ಟುಹೋಗಿ ಮೂರು ತಿಂಗಳಾಯ್ತು."

ಮಗಳು ಹಣೆ ಚಚ್ಚಿಕೊಂಡಳು. ಆಮೇಲೆ ಅವಳಿಗೇ ನಗು ತಡೆಯಲಾಗಲಿಲ್ಲ.

"ನಡಿ, ಬಲ್ಬ್ ತಗೊಳ್ಳೋಣ."

"ಅರ್ಧ ಗಂಟೆ ನಿಂತಿದ್ದು ದಂಡವಾ ಹಾಗಾದ್ರೆ?"

"ಮೂರು ತಿಂಗಳು ನಾನು ಫೋನ್ ಮಾಡಿದ್ದೇ ದಂಡ. ನಡಿ."

"ನಾಳೆ ಊಟದ ಹೊತ್ತಿಗೆ ಮಾಡು. ಹೇಳೋಕೆ ಏನೂ ಇಲ್ಲದಿದ್ರೂ ಮಾಡು."

ಇಬ್ಬರೂ ಸಾಲು ಬಿಟ್ಟು ಎದುರಿನ ಕರೆಂಟ್ ಸಾಮಾನಿನ ಅಂಗಡಿಯತ್ತ ರಸ್ತೆ ದಾಟಿದರು. ನಾನು ಎರಡು ಹೆಜ್ಜೆ ಮುಂದೆ ಸರಿದೆ.