ರೆಫರಿ ನೋಡದೇ ಇದ್ದದ್ದು

ಅಧ್ಯಕ್ಷಪೀಠದಲ್ಲಿರುವ ಪ್ರಾಂಶುಪಾಲರಾದ ವೆಂಕಟಸುಬ್ಬಯ್ಯನವರೇ, ಕಾರ್ಖಾನೆಗೆ ರಜೆ ಹಾಕಿ ಬಂದಿರುವ ತಂದೆಯವರೇ, ಮುಂದಿನ ಸಾಲಿನ ತಾಯಂದಿರೇ, ಹಿಂದಿನ ಸಾಲಿನಲ್ಲಿ ಆಗಲೇ ಸಿಳ್ಳೆ ಹೊಡೆಯುತ್ತಿರುವ ವಿದ್ಯಾರ್ಥಿಗಳೇ, ಸಭಿಕರೇ,

ನಾನು ಅಜ್ಮತ್. ಇಲ್ಲಿ ಚರಿತ್ರೆ ಪಾಠ ಹೇಳುವವನು, ಕ್ರೀಡಾ ಸಮಿತಿಯ ಕಾರ್ಯದರ್ಶಿ. ನನ್ನದು ಶಿವಾಜಿನಗರದ ಕನ್ನಡ. ತಪ್ಪಾದರೆ ನಗಿ, ಆದರೆ ಮೆಲ್ಲಗೆ ನಗಿ. ನಮ್ಮ ಫುಟ್‌ಬಾಲ್ ತಂಡದ ಹೊಸ ಕೋಚ್ ಮುನಿಆಂಜನಪ್ಪನವರನ್ನು ಅಭಿನಂದಿಸಿ ಮಾತಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಮೇಜಿನ ಮೇಲೆ ಟೂರ್ನಮೆಂಟಿನ ಕಪ್ಪು ಎಲ್ಲಿ ಎಂದು ನೀವು ಹುಡುಕುತ್ತಿದ್ದೀರಿ. ಫೈನಲ್ ಡ್ರಾ ಆಗಿ ಎರಡು ಕಾಲೇಜುಗಳೂ ಜಂಟಿಯಾಗಿ ಗೆದ್ದವು. ಮೊದಲ ಆರು ತಿಂಗಳು ಕಪ್ಪು ಅವರಲ್ಲಿರುತ್ತದೆ. ಹೊಳಪೆಲ್ಲ ಹೋದ ಮೇಲೆ ನಮ್ಮಲ್ಲಿಗೆ ಬರುತ್ತದೆ.

ಹೋದ ವರ್ಷ, ಎಪ್ಪತ್ತೊಂದರಲ್ಲಿ, ನಮ್ಮ ತಂಡ ಹೇಗಿತ್ತು? ಆಡಿದ ಪ್ರತಿಯೊಂದು ಪಂದ್ಯವನ್ನೂ ಸೋತಿತ್ತು. ಒಂದು ಪಂದ್ಯದಲ್ಲಿ ಗೋಲ್‌ಕೀಪರ್ ಹುಡುಗ ಗೋಲುಕಂಬವನ್ನು ತಬ್ಬಿಕೊಂಡು ಅತ್ತುಬಿಟ್ಟ. ಆಗ ನಾನೇ ಪ್ರಾಂಶುಪಾಲರಿಗೆ ಮುನಿಆಂಜನಪ್ಪನವರ ಹೆಸರು ಹೇಳಿದೆ. ಅವರು ಕನ್ನಡಕ ಕೆಳಗಿಳಿಸಿ ಕೇಳಿದರು: “ಅಲ್ರೀ ಅಜ್ಮತ್, ನಿಮ್ಮ ಕಾಲು ಮುರಿದೋನು ಅವನೇ ಅಲ್ವೇನ್ರೀ?”

“ಅದು ಆಕ್ಸಿಡೆಂಟು ಸಾರ್,” ಎಂದೆ.

ಹೌದು, ನಾನೂ ಆಡುತ್ತಿದ್ದವನೇ. ಅರವತ್ತೊಂದರಲ್ಲಿ ಮೈಸೂರು ರಾಜ್ಯದ ತಂಡದ ಶಿಬಿರಕ್ಕೆ ನನಗೆ ಕರೆ ಬಂದಿತ್ತು. ಹೊರಡುವ ಮುಂಚೆ ಹಲಸೂರಿನಲ್ಲಿ ಒಂದು ಪಂದ್ಯ. ಎದುರು ತಂಡದ ಬ್ಯಾಕ್ ಮುನಿಆಂಜನಪ್ಪ. ಚೆಂಡಿಗೆ ಇಬ್ಬರೂ ನುಗ್ಗಿದೆವು. ನನ್ನ ಮಂಡಿ ಮುರಿದ ಸದ್ದು ಮೈದಾನದ ಅಂಚಿನಲ್ಲಿ ನಿಂತವರಿಗೂ ಕೇಳಿಸಿತಂತೆ. ಮುನಿಆಂಜನಪ್ಪ ಆಸ್ಪತ್ರೆಗೆ ಬಂದವನು ಮಂಚದ ಪಕ್ಕದಲ್ಲಿ ಕೂತು ಅಳತೊಡಗಿದ. ಏನೋ ಹೇಳಲು ಬಾಯಿ ತೆರೆದ. ನಾನೇ, “ಬಿಡು ಮಗಾ, ಆಟದಲ್ಲಿ ಇದೆಲ್ಲ ಆಗುತ್ತೆ,” ಎಂದೆ.

ಈ ಕಥೆಯನ್ನು ನಾನು ಪ್ರತಿ ವರ್ಷ ಇದೇ ವೇದಿಕೆಯಿಂದ ಹೇಳಿದ್ದೇನೆ. ಕ್ರೀಡಾ ಮನೋಭಾವ ಎಂದರೇನು? ಕ್ಷಮೆ ಎಂದರೇನು? ನೀವು ಚಪ್ಪಾಳೆ ತಟ್ಟಿದ್ದೀರಿ. ನನಗೂ ಹಿತವಾಗುತ್ತಿತ್ತು, ಸುಳ್ಳೇಕೆ ಹೇಳಲಿ?

ಮುನಿಆಂಜನಪ್ಪ ಬಂದರು. ಬೆಳಗಾಗುವ ಮುಂಚೆ ಹುಡುಗರನ್ನು ಕೆರೆ ಸುತ್ತ ಓಡಿಸಿದರು. ಕಾಕ್ಸ್ ಟೌನಿನ ನಮ್ಮ ಆರೋಗ್ಯದಾಸ್, ಸೆಂಟರ್ ಫಾರ್ವರ್ಡ್, ಚೆಂಡು ಸಿಕ್ಕರೆ ಯಾರಿಗೂ ಕೊಡದ ಹುಡುಗ, ಕೊಡುವುದನ್ನು ಕಲಿತ. ಮೊದಲ ಪಂದ್ಯ ಗೆದ್ದಾಗ ನಾವು ನಂಬಲಿಲ್ಲ. ಸೆಮಿಫೈನಲ್ ಗೆದ್ದಾಗ ಶಿವಾಜಿನಗರದಲ್ಲಿ ನನಗೆ ಚಹಾ ಕೊಡಿಸಿದವರೆಲ್ಲ ಹೋದ ವರ್ಷ ನನ್ನನ್ನು ನೋಡಿ ನಕ್ಕವರೇ.

ಇನ್ನು ಫೈನಲ್. ದ್ವಿತೀಯಾರ್ಧ, ಒಂದೊಂದು ಗೋಲಾಗಿ ಸಮ. ಅವರ ಹಾಫ್‌ಬ್ಯಾಕ್ ಶಫಿ ಎಂಬ ಹುಡುಗ ನಮ್ಮವರನ್ನು ಉಸಿರಾಡಲು ಬಿಡುತ್ತಿರಲಿಲ್ಲ. ಚೆಂಡು ಆ ತುದಿಯಲ್ಲಿತ್ತು, ರೆಫರಿ ಅತ್ತ ತಿರುಗಿದ್ದರು. ಇತ್ತ ಶಫಿ ಚೀರಿದ. ಮಂಡಿ ಹಿಡಿದು ಹೊರಳಾಡುತ್ತಿದ್ದ, ಪಕ್ಕದಲ್ಲಿ ಆರೋಗ್ಯದಾಸ್ ನಿಂತಿದ್ದ. ಸ್ಟ್ರೆಚರ್ ಬಂತು, ಹೋಯಿತು. ಸೀಟಿ ಊದಲಿಲ್ಲ. ಮುನಿಆಂಜನಪ್ಪ ಕೈ ಬೀಸಿ ಆರೋಗ್ಯದಾಸನನ್ನು ಹೊರಗೆ ಕರೆದರು. ಬದಲಿಗೆ ಯಾರು? ಇಡೀ ವರ್ಷ ಒಂದು ಗೋಲನ್ನೂ ಹೊಡೆಯದ ನಮ್ಮ ಶ್ರೀಕಂಠಯ್ಯ!

ನಾನು ಕುಂಟುತ್ತ ಓಡಿದೆ. “ನಿಮಗೇನು ಹುಚ್ಚಾ? ರೆಫರಿನೇ ನೋಡಿಲ್ಲ!”

“ನಾನ್ ನೋಡ್ದೆ ಸಾರ್.”

“ಆಕ್ಸಿಡೆಂಟ್ ಇರಬಹುದು!”

“ಅಲ್ಲ ಸಾರ್. ಅದು ಹೆಂಗ್ ಮಾಡ್ತಾರೆ ನಂಗೊತ್ತು. ನಿಮ್ ಕಾಲ್ಗೆ ನಾನ್ ಹಂಗೇ ಇಟ್ಟಿದ್ದು.”

ನನಗೆ ಅರ್ಥವೇ ಆಗಲಿಲ್ಲ. “ಏನಂದ್ರಿ?”

“ಬೇಕೂಂತ್ಲೇ ಸಾರ್. ನೀವ್ ಇದ್ರೆ ನಾವ್ ಸೋಲ್ತಿದ್ವಿ. ಆಸ್ಪತ್ರೇಲಿ ಹೇಳೋಕೇ ಬಂದಿದ್ದೆ, ನೀವು ಬಿಡು ಅಂದ್ಬಿಟ್ರಿ. ಆಮೇಲೆ ಧೈರ್ಯ ಬರ್ಲಿಲ್ಲ.” ಅಷ್ಟು ಹೇಳಿ ಮೈದಾನದತ್ತ ತಿರುಗಿ ಕೂಗಿದರು: “ಶ್ರೀಕಂಠಯ್ಯಾ, ಎಡಗಡೆ ನಿಂತ್ಕೊಳೋ!”

ಸಭಿಕರೇ, ಆಮೇಲಿನ ಆಟವನ್ನು ನಾನು ನೋಡಲಿಲ್ಲ. ಕಣ್ಣು ತೆರೆದೇ ಇತ್ತು. ನಮ್ಮ ಹುಡುಗರು ಗೋಡೆಯಂತೆ ನಿಂತರಂತೆ, ಶ್ರೀಕಂಠಯ್ಯ ಗೋಲುಗೆರೆಯ ಮೇಲಿಂದ ಒಂದು ಚೆಂಡನ್ನು ತಲೆಯಿಂದ ಹೊರಗೆ ತಳ್ಳಿದನಂತೆ. ಎಲ್ಲವೂ ಅಂತೆ. ಮನೆಯಲ್ಲಿ ನನ್ನ ಹೆಂಡತಿ ಫಹ್ಮಿದಾ, “ಗೆದ್ದಿರಾ, ಸೋತಿರಾ?” ಎಂದರೆ ಮಂಡಿಯ ಹಳೇ ಗಾಯವನ್ನು ಸವರುತ್ತ ಕೂತೆ. ನಾನು ಇಷ್ಟು ವರ್ಷ ಕ್ಷಮಿಸಿದ್ದು ಯಾವುದನ್ನು? ನಡೆಯದೇ ಇದ್ದದ್ದನ್ನು. ನಡೆದದ್ದಕ್ಕೆ ನಾನಿನ್ನೂ ಕೋಪವನ್ನೇ ಮಾಡಿಕೊಂಡಿರಲಿಲ್ಲ!

ಮರುದಿನ ಮುನಿಆಂಜನಪ್ಪ ಆರೋಗ್ಯದಾಸನನ್ನು ಶಫಿಯ ಆಸ್ಪತ್ರೆಗೆ ಕರೆದೊಯ್ದರು. ನಾನೂ ಹೋದೆ, ಬಾಗಿಲಲ್ಲೇ ನಿಂತೆ. ಆರೋಗ್ಯದಾಸ್ ತಲೆ ತಗ್ಗಿಸಿ, “ಬೇಕೂಂತ್ಲೇ ತುಳ್ದೆ,” ಎಂದ. ಶಫಿ ಬಿಡು ಎನ್ನಲಿಲ್ಲ. ಬೈದ. ದಖನಿ ಉರ್ದುವಿನಲ್ಲಿ, ತಮಿಳಿನಲ್ಲಿ, ಅವರಪ್ಪ ತಡೆದರೂ ಬಿಡದೆ ಬೈದ. ಕೊನೆಗೆ, “ನಾಳೆ ಬಾ, ಇನ್ನೂ ಇದೆ,” ಎಂದ. ಆರೋಗ್ಯದಾಸ್ ಹೋಗುತ್ತಿದ್ದಾನೆ. ಬೈಗುಳ ಈಗ ಸ್ವಲ್ಪ ಕಡಿಮೆಯಾಗಿದೆಯಂತೆ. ಶಫಿ ಮತ್ತೆ ಆಡುತ್ತಾನೆ ಎಂದು ಡಾಕ್ಟರು ಹೇಳಿದ್ದಾರೆ. ಅಲ್ಲಾಹನ ದಯೆ. ಆದರೆ ಆ ಬಾಗಿಲಲ್ಲಿ ನಿಂತು ಬೈಯುತ್ತಿದ್ದ ಶಫಿಯನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ಪ್ರಾಂಶುಪಾಲರು ಗಡಿಯಾರ ನೋಡುತ್ತಿದ್ದಾರೆ. ಅಭಿನಂದನೆಯ ಮಾತು ಇದಲ್ಲ ಎಂದು ನನಗೂ ಗೊತ್ತು. ಸೋತು ಬಿದ್ದಿದ್ದ ತಂಡವನ್ನು ಮೇಲೆತ್ತಿದವರು ಇವರೇ, ಅದಕ್ಕೆ ನನ್ನ ಪೂರ್ತಿ ಚಪ್ಪಾಳೆ ಇದೆ. ಹಾರವನ್ನು ಮಾತ್ರ ಪ್ರಾಂಶುಪಾಲರೇ ಹಾಕಲಿ. 

ಮುನಿಆಂಜನಪ್ಪ, ತಲೆ ಎತ್ತು. ನಾಳೆ ಸಂಜೆ ನಮ್ಮ ಮನೆಗೆ ಬಾ. ನಾನೂ ಬೈಯುವುದಿದೆ, ಬಹಳ ಇದೆ. ಫಹ್ಮಿದಾ ಊಟಕ್ಕೆ ಮಾಡಿರುತ್ತಾಳೆ. ನಾನು ಬೈದು ಮುಗಿಸುವವರೆಗೆ ಎದ್ದು ಹೋಗಬಾರದು.

ಇಷ್ಟು ಹೊತ್ತು ಸಿಳ್ಳೆ ಹಾಕದೆ ಕೇಳಿದ ಹಿಂದಿನ ಸಾಲಿಗೂ, ತಮ್ಮೆಲ್ಲರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.